ಪಾವ್ ಇಳಿದ ದಿನ

ದೋರನಹಳ್ಳಿಯಲ್ಲಿ ಸಾವಿತ್ರಿಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ತೂಕದ ಬಾಯಿಯ ಮನೆ ಎಂದರೆ ಮೂರು ವರ್ಷದ ಕೂಸು ಕೂಡ ಕೈ ಮಾಡಿ ತೋರಿಸುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಆಕೆ ಊರಿನ ಅಂಗನವಾಡಿಯ ಸಹಾಯಕಿ. ಅಡುಗೆ ಮಾಡುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಇವೆಲ್ಲ ಆಕೆಯ ಕೆಲಸ. ತೂಕ ಮಾಡುವುದು ನಿಜವಾಗಿ ಟೀಚರ ಕೆಲಸ. ಆದರೆ ದಾನೇಶ್ವರಿ ಟೀಚರ ಕೈಗೆ ಹೋದ ಕೂಸು ಕಾಲು ಝಾಡಿಸಿ ಓಣಿಯೆಲ್ಲ ಎದ್ದು ಬರುವಂತೆ ಅಳುತ್ತದೆ. ಸಾವಿತ್ರಿಬಾಯಿ ಎತ್ತಿಕೊಂಡರೆ ಗಪ್ಪಾಗುತ್ತದೆ. ಹಾಗಾಗಿ ತೂಗುವವಳು ಇವಳು, ಬರೆಯುವವಳು ಅವಳು ಎಂದು ಎಂದೋ ತೀರ್ಮಾನವಾಗಿಹೋಗಿದೆ.

ಆಕೆಗೆ ಊರಿನ ಅರ್ಧ ಜನರ ಹಳೆಯ ತೂಕ ಬಾಯಿಪಾಠ. ಮೀಸೆ ತಿರುವಿಕೊಂಡು ಟ್ರ್ಯಾಕ್ಟರ್ ಓಡಿಸುವ ಗಂಡಸನ್ನೂ ನಡುಬೀದಿಯಲ್ಲಿ ನಿಲ್ಲಿಸಿ, “ಏನಪಾ, ಮೂರು ವರ್ಷಕ್ಕ ಒಂಬತ್ತ ಕಿಲೋ ಇದ್ದಿ, ಕೆಂಪು ಪಟ್ಟಿಯೊಳಗ ಇದ್ದಿ, ನೆನಪದ ಇಲ್ಲೋ?” ಎಂದು ಕೇಳಿಬಿಡುತ್ತಾಳೆ. ಅಂಗನವಾಡಿಯ ಬೆಳವಣಿಗೆಯ ಚಾರ್ಟಿನಲ್ಲಿ ಮೂರು ಪಟ್ಟಿಗಳಿರುತ್ತವೆ. ಹಸಿರು ಎಂದರೆ ಕೂಸು ಗಟ್ಟಿ, ಹಳದಿ ಎಂದರೆ ಹುಷಾರು, ಕೆಂಪು ಎಂದರೆ ಓಡು, ಏನಾದರೂ ಮಾಡು. ಆಕೆ ಕಲಿತ ವಿದ್ಯೆ ಇಷ್ಟೇ. ತಕ್ಕಡಿಯ ಮುಳ್ಳು ಮೇಲೇರಬೇಕು. ಮುಳ್ಳು ಮೇಲೇರುತ್ತಿದೆ ಎಂದರೆ ಲೋಕದಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಅರ್ಥ. ಏರಿದ ಮುಳ್ಳನ್ನು ಇಳಿಸುವುದು ಹೇಗೆಂದು ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಕೆಗೆ ಸ್ವಂತ ಮಕ್ಕಳಿಲ್ಲ. ರಾಮಸಮುದ್ರದಿಂದ ಮದುವೆಯಾಗಿ ಬಂದವಳು, ಯಾದಗಿರಿಯ ಆಸ್ಪತ್ರೆಯ ಮೆಟ್ಟಿಲನ್ನು ಎಂಟು ವರ್ಷ ಹತ್ತಿ ಇಳಿದಳು. ಆಮೇಲೆ ಒಂದು ದಿನ ಗಂಡ ಅಂಬ್ರಪ್ಪನೇ, “ಸಾಕು ಮಾರಾಯ್ತಿ, ನಾವಿಬ್ರೇ ಛಲೋ ಅದೀವಿ” ಎಂದ. ಕಾಲುವೆಯ ಗೇಟು ಏರಿಸಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸ ಅವನದು. ಮಾತು ಕಡಿಮೆ, ಚೇಷ್ಟೆ ಹೆಚ್ಚು. ಅವನು ಹಾಗೆ ಅಂದದ್ದಕ್ಕೆ ಆಕೆ ಅವನನ್ನು ಇಂದಿಗೂ ಪ್ರೀತಿಸುತ್ತಾಳೆ. ಆದರೆ ಆಸೆ ಎನ್ನುವುದು ಗಂಡ ಹೇಳಿದ ಮಾತು ಕೇಳಿ ಸುಮ್ಮನೆ ಕೂಡುವಂಥದ್ದಲ್ಲ. ಅಂಗನವಾಡಿಗೆ ಮೂರು ತುಂಬಿ ಬರುವ ಕೂಸು ಆರು ತುಂಬಿದೊಡನೆ ಪಕ್ಕದ ಶಾಲೆಗೆ ಹೋಗುತ್ತದೆ. ಹೊಸ ಚೀಲ ಬೆನ್ನಿಗೇರಿದ ಮೇಲೆ ಅದು ಈ ಬಾಗಿಲಿನ ಮುಂದೆಯೇ ಹಾದುಹೋದರೂ ಒಳಗೆ ಇಣುಕುವುದಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಸಾವಿತ್ರಿಬಾಯಿ ಎರಡು ದಿನ ಯಾರ ಮೇಲಾದರೂ ಸಿಡುಕುತ್ತಾಳೆ. ಮೂರನೆಯ ದಿನ ಸರಿಹೋಗುತ್ತಾಳೆ.

ಸಣ್ಣಿ ಆಕೆಯ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ಒಂದು ಐತವಾರ. ಬಾಷುಮಿಯಾನ ಮಾಂಸದ ಅಂಗಡಿಗೆ ಆಕೆ ಹೋದಾಗ ಅಲ್ಲಿ ಸುರಪುರದ ಲಾಲಪ್ಪ ನಿಂತಿದ್ದ. ಕುರಿಯ ಹಿಂಡು ಇಟ್ಟುಕೊಂಡವನು, ಹದಿನೈದು ದಿನಕ್ಕೊಮ್ಮೆ ಬಾಷುಮಿಯಾನಿಗೆ ಟಗರು ತಂದುಕೊಡುವವನು. ಕುರಿಗಿಂತ ಹೆಚ್ಚಾಗಿ ಅವನ ಹೆಸರು ನಡೆಯುವುದು ಬೇಟೆನಾಯಿಗಳಿಂದ. ಮುಧೋಳದ ಕಡೆಯ ತಳಿ, ಉದ್ದ ಮೂತಿ, ಉದ್ದ ಕಾಲು, ನಡು ಒಂದು ಹಿಡಿಯಷ್ಟು. ಅವನ ಹೆಗಲ ಚೀಲದಿಂದ ಒಂದು ಇಷ್ಟೇ ಇಷ್ಟು ಮೂತಿ ಹೊರಗೆ ಬಂದಿತ್ತು. ಒಂಬತ್ತು ಮರಿಗಳಲ್ಲಿ ಕೊನೆಯದಂತೆ. ಉಳಿದ ಎಂಟೂ ಸೇರಿ ಇದನ್ನು ಮೊಲೆಯಿಂದ ನೂಕಿನೂಕಿ ಒಂದು ಮೂಲೆಗೆ ಹಾಕಿದ್ದವಂತೆ.

ಸಾವಿತ್ರಿಬಾಯಿ ಕೇಳದೆಯೇ ಅದನ್ನು ಚೀಲದಿಂದ ಎತ್ತಿಕೊಂಡಳು. ಅಂಗೈ ತಾನಾಗಿಯೇ ತೂಗಿತು.

“ಎಷ್ಟ ದಿನದ್ದು?”

“ಐವತ್ತ ದಿನ ಆಗ್ಯಾವ.”

“ಐವತ್ತ ದಿನಕ್ಕ ಎರಡು ಕಿಲೋ ಇಲ್ಲಲ್ಲೋ ಇದು!”

“ಉಳಿಯಾದಿಲ್ಲ ಬಿಡಬೇ ಯಕ್ಕಾ,” ಎಂದ ಲಾಲಪ್ಪ.

ಈ ಮಾತು ಆಕೆಗೆ ಬೆಂಕಿ ಇಟ್ಟಂತಾಯಿತು. ಎಷ್ಟೋ ಕೂಸುಗಳ ಬಗ್ಗೆ ಎಷ್ಟೋ ಜನ ಹೀಗೆಯೇ ಹೇಳಿದ್ದರು. ಆ ಕೂಸುಗಳಲ್ಲಿ ಕೆಲವು ಈಗ ಟ್ರ್ಯಾಕ್ಟರ್ ಓಡಿಸುತ್ತಿವೆ ಎಂದು ಆಗಲೇ ಹೇಳಿದೆನಲ್ಲ.

“ಯಾಕ ಉಳಿಯಾದಿಲ್ಲ? ಇದರ ಹಣಿಬರ ನೀ ಬರದೀಯೇನು? ಪಾಲಿಗೆ ಕೊಡು ನನಗ, ಉಳಸಿ ತೋರಸ್ತೀನಿ,” ಎಂದಳು.

ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ಪಾಲಿಗೆ ಕೊಡುವುದು ಈ ಸೀಮೆಯ ಹಳೆಯ ಪದ್ಧತಿ. ಇದ್ದವರು ಕರುವನ್ನೋ ಆಡುಮರಿಯನ್ನೋ ಇಲ್ಲದವರಿಗೆ ಸಾಕಲು ಕೊಡುತ್ತಾರೆ. ಬೆಳೆದ ಮೇಲೆ ಅದು ಒಡೆಯನಿಗೆ ವಾಪಸು, ಹುಟ್ಟಿದ್ದರಲ್ಲಿ ಸಾಕಿದವರಿಗೊಂದು ಪಾಲು. ಆಕಳು ಸರಿ, ಆಡು ಸರಿ. ನಾಯಿಯನ್ನು ಪಾಲಿಗೆ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಲಾಲಪ್ಪ ನಗಲಿಲ್ಲ. ಹೆಣ್ಣುಮರಿ, ಒಳ್ಳೆಯ ತಳಿ, ಬದುಕಿದರೆ ಬದುಕಲಿ ಎಂದು ಒಂದು ಗಳಿಗೆ ಯೋಚಿಸಿ, ಅಲ್ಲೇ ಕರಾರು ಹೇಳಿದ.

“ಕೊಡ್ತೀನಿ ಯಕ್ಕಾ. ಮೊದಲನೇ ಸೂಲಿನಾಗ ಒಂದು ಮರಿ ನಿಂದು. ಆದ್ರ ನನ್ನ ನಾಯಿ ಹಸೀ ಮಾಂಸದ ಮ್ಯಾಲೆ ಬೆಳಿಯಾವು. ಬೇಯಿಸಿದ್ದ ಎಲುಬು ಹಾಕಬ್ಯಾಡ, ಕರಳ ಹರಿತದ. ತೂಕ ಮಾಡಿ ಬಾಷುಮಿಯಾ ಕೊಡ್ತಾನ, ಅದರ ರೊಕ್ಕ ನಮ್ಮಿಬ್ಬರೊಳಗ ನಾವು ನೋಡ್ಕೋತೀವಿ.”

“ಬೆಳದದ ಅಂತ ನಿನಗ ಹ್ಯಾಂಗ ಗೊತ್ತಾಗತದ? ಸುರಪುರದಾಗ ಕುಂತು?”

“ಅದರ ತಿನ್ನಾದೇ ಹೇಳತದ. ಬೆಳಿಯೋ ತನಕ ದಿನದ ಪಾವ್ ಏರಕೋತ ಹೋಗತಾವ. ಬೆಳದು ಮುಗಿದಿಂದ ಇಳಿತಾವ. ಪಾವ್ ಇಳಿದ ದಿನ ಬಾಷುಮಿಯಾ ನನಗ ಫೋನ್ ಹಚ್ಚತಾನ, ನಾ ಬಂದು ಒಯ್ತೀನಿ.”

ಪಾವ್ ಎಂದರೆ ಇಲ್ಲಿ ಕಿಲೋದ ಕಾಲು ಭಾಗ. ಬಾಷುಮಿಯಾ ತಲೆಯಾಡಿಸಿದ. ಸಾವಿತ್ರಿಬಾಯಿಯೂ ಹೂಂ ಎಂದಳು. ಎರಡು ಕಿಲೋ ಇಲ್ಲದ ಮರಿ ಎಂದು ಬೆಳೆದೀತು, ಎಂದು ಪಾವ್ ಇಳಿದೀತು! ಆ ಹೊತ್ತಿನಲ್ಲಿ ಆಕೆಗೆ ಬೇಕಾಗಿದ್ದದ್ದು ಮುಳ್ಳು ಮೇಲೇರುವುದು ಅಷ್ಟೇ.

ಹೆಸರು ಇಟ್ಟದ್ದು ಅಂಬ್ರಪ್ಪ. ಮನೆಗೆ ತಂದ ಮರಿಯನ್ನು ನೋಡಿ, “ಇದು ನಾಯಿಯೋ ಹೆಗ್ಗಣವೋ? ಭಾಳ ಸಣ್ಣದದ ಬಿಡು,” ಎಂದ. ಸಣ್ಣದು ಹೋಗಿ ಸಣ್ಣಿಯಾಯಿತು.

ಮೊದಲ ತಿಂಗಳು ದಿನಕ್ಕೆ ಒಂದು ಪಾವ್, ನಾಲ್ಕು ಹೊತ್ತಿಗೆ ಹಂಚಿ. ಬಾಷುಮಿಯಾ ಕುತ್ತಿಗೆಯ ಮೆತ್ತನೆಯ ಮೂಳೆಯನ್ನು ಮಾಂಸದ ಸಮೇತ ಕೊಚ್ಚಿ ಕೊಡುತ್ತಿದ್ದ. ಜೊತೆಗೆ ಒಂದಿಷ್ಟು ಪುಪ್ಪುಸ, ಒಂದಿಷ್ಟು ಬೋಟಿ, ಹೆಬ್ಬೆರಳಿನ ಉಗುರಿನಷ್ಟು ಈಲಿ, ಅವನ ಮಾತಿನಲ್ಲಿ ಕಲೇಜಿ. ಅವನ ಅಂಗಡಿಯಲ್ಲಿ ಕರೆಂಟಿನ ತೂಕದ ಯಂತ್ರವಿದೆ. ಅದು ಗಿರಾಕಿಗಳಿಗೆ. ಸಣ್ಣಿಯ ಪಾಲನ್ನು ಮಾತ್ರ ಅವನು ಅಪ್ಪನ ಕಾಲದ ಕೈತಕ್ಕಡಿಯಲ್ಲಿ, ಕಬ್ಬಿಣದ ಪಾವ್ ಬಟ್ಟುಗಳನ್ನಿಟ್ಟು ತೂಗುತ್ತಿದ್ದ. ನಮಾಜಿನ ಬಟ್ಟೆಗೆ ನಾಯಿಯ ಮೂತಿ ತಾಗಬಾರದೆಂದು ಕಟ್ಟೆಯ ಮೇಲೆ ಕುಳಿತೇ ಮಾತಾಡಿಸುತ್ತಿದ್ದ. “ಕ್ಯಾ ಬೇಟಾ, ಪೇಟ್ ಭರಾ?” ಎಂದು ಅವನು ಹೊಟ್ಟೆಯ ಸುದ್ದಿ ಕೇಳಿದರೆ ಸಣ್ಣಿ ಕೆಳಗೆ ನಿಂತು ಇಡೀ ಮೈಯನ್ನೇ ಬಾಲ ಮಾಡಿಕೊಂಡು ಅಲ್ಲಾಡಿಸುತ್ತಿತ್ತು.

ಅಂಗನವಾಡಿಯ ಅಟ್ಟದ ಮೇಲೆ ಹಳೆಯ ತೂಗುತಕ್ಕಡಿಯೊಂದು ಬಿದ್ದಿತ್ತು. ಗಡಿಯಾರದಂಥ ಮುಖ, ಒಡೆದ ಗಾಜು, ಇಪ್ಪತ್ತೈದು ಕಿಲೋದ ತನಕ ಅಂಕಿ. ಹೊಸದು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ದಾನೇಶ್ವರಿ ಟೀಚರನ್ನು ಕೇಳಿ ಸಾವಿತ್ರಿಬಾಯಿ ಅದನ್ನು ಮನೆಗೆ ತಂದು ಅಂಗಳದ ಬೇವಿನ ಕೊಂಬೆಗೆ ತೂಗುಹಾಕಿದಳು. ವಾರಕ್ಕೊಮ್ಮೆ ಹಳೆಯ ಸೀರೆಯ ಜೋಳಿಗೆಯಲ್ಲಿ ಸಣ್ಣಿಯನ್ನು ಕೂಡಿಸಿ ತೂಗಿದಳು. ಹಳೆಯ ಚಾರ್ಟೊಂದರ ಬೆನ್ನಿನ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದಳು. ನಾಯಿಗೆ ಹಸಿರು ಯಾವುದು ಹಳದಿ ಯಾವುದು ಎಂದು ಆಕೆಗೆ ಗೊತ್ತಿರಲಿಲ್ಲ. ಗೆರೆ ಮೇಲೆ ಹೋಗುತ್ತಿತ್ತು, ಅಷ್ಟು ಸಾಕಾಗಿತ್ತು.

ನಾಲ್ಕು ತಿಂಗಳಿಗೆ ಹತ್ತು ಕಿಲೋ. ದಿನಕ್ಕೆ ಮೂರು ಪಾವ್, ಮೂರು ಹೊತ್ತು. ಎಂಟು ತಿಂಗಳಿಗೆ ಹದಿನೇಳು ಕಿಲೋ. ನಾಲ್ಕು ಪಾವ್, ಎರಡು ಹೊತ್ತು. ಬೆಳಿಗ್ಗೆ ಅಂಗನವಾಡಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ನಾಲ್ಕಕ್ಕೆ ಬಂದ ಮೇಲೆ ಒಮ್ಮೆ. ನಾಲ್ಕು ಗಂಟೆಗೆ ಸರಿಯಾಗಿ ಸಣ್ಣಿ ಓಣಿಯ ತಿರುವಿಗೆ ಬಂದು ಕೂಡುತ್ತಿತ್ತು. ಇಪ್ಪತ್ತೆರಡು ವರ್ಷ ಊರಿನ ಮಕ್ಕಳಿಗೆ ಉಣಿಸಿ ಮನೆಗೆ ಬಂದವಳಿಗೆ, ತನ್ನ ದಾರಿ ಕಾಯುವ ಹಸಿವೊಂದು ಸಿಕ್ಕಿದ್ದು ಇದೇ ಮೊದಲು. ಆಕೆಯ ನಡಿಗೆಯೇ ಬದಲಾಗಿತ್ತು. ಅಂಬ್ರಪ್ಪ, “ನಮಗ ಐತವಾರಕ್ಕೊಮ್ಮೆ ಬಾಡು, ಇಕಿಗೆ ದಿನಾ ಬಾಡು. ಮುಂದಿನ ಜನ್ಮಕ್ಕ ನಿನ್ನ ನಾಯಿ ಆಗಿ ಹುಟ್ಟಬೇಕು,” ಎನ್ನುತ್ತಿದ್ದ. ಹಾಗೆನ್ನುತ್ತ ತನ್ನ ತಟ್ಟೆಯ ಮೆತ್ತನೆಯ ತುಂಡನ್ನು ಸಣ್ಣಿಯ ಕಡೆ ಎಸೆಯಲು ಹೋಗಿ, “ಬೇಯಿಸಿದ್ದು ಹಾಕಬ್ಯಾಡ!” ಎಂದು ಬೈಸಿಕೊಳ್ಳುತ್ತಿದ್ದ.

ಒಂದು ವರ್ಷ ತುಂಬುವ ಹೊತ್ತಿಗೆ ಇಪ್ಪತ್ತೊಂದು ಕಿಲೋ. ಗೆರೆ ಅಲ್ಲಿಗೆ ನಿಂತಿತು. ಒಂದು ವಾರ, ಎರಡು ವಾರ, ಚುಕ್ಕೆಗಳು ಒಂದರ ಪಕ್ಕ ಒಂದು ಅಡ್ಡಡ್ಡ ಬಂದವು. ಅಷ್ಟರಲ್ಲೇ ಸಣ್ಣಿ ಬಟ್ಟಲಲ್ಲಿ ಬಿಡಲು ಶುರುಮಾಡಿತು. ಸಂಜೆಯ ಪಾಲಿನಲ್ಲಿ ಅರ್ಧ ತಿಂದು, ಬಾಯಿ ನೆಕ್ಕಿಕೊಂಡು, ಬೇವಿನ ನೆರಳಿಗೆ ಹೋಗಿ ಮಲಗುತ್ತಿತ್ತು.

ಅದರ ಅರ್ಥ ಏನೆಂದು ಸಾವಿತ್ರಿಬಾಯಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಆಕೆ ತನ್ನ ಹಳೆಯ ವಿದ್ಯೆ ಹೊರಗೆ ತೆಗೆದಳು. ಬಟ್ಟಲು ಹಿಡಿದು ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದೇ ತುಂಡು ಎತ್ತಿ, “ಇದು ಕಾಗಿ ತುತ್ತು, ಇದು ಗುಬ್ಬಿ ತುತ್ತು, ಇದು ಅಂಬ್ರಪ್ಪನ ತುತ್ತು, ಆ ಮಾಡು ನನ ಬಂಗಾರ,” ಎಂದಳು. ಉಣ್ಣಲು ಹಟ ಮಾಡುವ ಎಷ್ಟು ಮಕ್ಕಳನ್ನು ಹೀಗೆ ಗೆದ್ದವಳು! ಸಣ್ಣಿ ಒಲ್ಲದ ಮನಸ್ಸಿನಿಂದ ಬಾಯಿ ತೆರೆಯಿತು. ಆಕೆ ಕೊಟ್ಟಳಲ್ಲ ಎಂದು ತಿಂದಿತು. ನಾಯಿಗಳಲ್ಲಿ ಇದೊಂದು ದೊಡ್ಡ ದೋಷ. ಪ್ರೀತಿಯವರು ಕೊಟ್ಟರೆ ಹೊಟ್ಟೆ ತುಂಬಿದ್ದರೂ ತಿನ್ನುತ್ತವೆ.

ಎರಡು ತಿಂಗಳು ಹೀಗೇ ನಡೆಯಿತು. ಬಾಷುಮಿಯಾನ ತಕ್ಕಡಿಯಲ್ಲಿ ನಾಲ್ಕು ಪಾವ್ ನಾಲ್ಕಾಗಿಯೇ ಉಳಿಯಿತು. ಲಾಲಪ್ಪ ಟಗರು ತಂದಾಗಲೆಲ್ಲ ಕೇಳುತ್ತಿದ್ದ, “ಇಳದಾವೇನು?” ಬಾಷುಮಿಯಾ ಹೇಳುತ್ತಿದ್ದ, “ಇನ್ನಾ ಇಲ್ಲ. ನಾಕೇ ಅದಾವ.” ಲಾಲಪ್ಪ ಗಡ್ಡ ಕೆರೆದುಕೊಂಡು ಹೋಗುತ್ತಿದ್ದ.

ಗೆರೆ ಮತ್ತೆ ಏರಿತು. ಇಪ್ಪತ್ತೆರಡು. ಇಪ್ಪತ್ಮೂರೂವರೆ. ಒಂದು ಐತವಾರ ಅಂಬ್ರಪ್ಪನೂ ಆಕೆಯೂ ಸೇರಿ ಸೀರೆಯ ಜೋಳಿಗೆಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಮುಳ್ಳು ಓಡಿಹೋಗಿ ಇಪ್ಪತ್ತೈದರ ಮೊಳೆಗೆ ಬಡಿದು ನಿಂತುಬಿಟ್ಟಿತು. ಮುಂದಕ್ಕೆ ಅಂಕಿಯೇ ಇರಲಿಲ್ಲ.

“ಗೇಟು ಪೂರಾ ಏರಸಿಬಿಟ್ಟಿ,” ಎಂದ ಅಂಬ್ರಪ್ಪ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. “ಸಾವಿತ್ರಿ, ಅದು ಹೊಸ್ತಿಲಾ ಇಳಿಯಾಗ ಮುಂದಿನ ಕಾಲು ಊರಾಂಗಿಲ್ಲ, ನೋಡೀಯೇನು?”

ನೋಡಿದ್ದಳು. ಮೊದಲು ಓಣಿಯ ತಿರುವಿನಿಂದ ಮನೆಯ ತನಕ ಬಾಣದಂತೆ ಬರುತ್ತಿದ್ದ ಪ್ರಾಣಿ ಈಗ ಆಕೆಯ ಪಕ್ಕದಲ್ಲೇ ಹೆಜ್ಜೆ ಹಾಕಿಕೊಂಡು ಬರುತ್ತಿತ್ತು. ತನ್ನ ಮೇಲಿನ ಪ್ರೀತಿಗೆ ಹೀಗೆ ಜೊತೆಯಲ್ಲಿ ಬರುತ್ತದೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಿದ್ದಳು.

ಮರುದಿನ ಅಂಬ್ರಪ್ಪನ ಗೆಳೆಯನ ಆಟೋದಲ್ಲಿ ಶಹಾಪುರಕ್ಕೆ ಹೋದರು. ದನದ ಡಾಕ್ಟರು ಮಹೇಶಕುಮಾರ ಎನ್ನುವವರು ಸಣ್ಣಿಯ ಮೈಮೇಲೆ ಕೈಯಾಡಿಸಿ, ಪಕ್ಕೆಯನ್ನು ಹುಡುಕಿ ಹುಡುಕಿ ಸಾಕಾಗಿ, “ಏನಮ್ಮಾ, ಬೇಟೆನಾಯಿ ತಂದೀನಿ ಅಂದ್ರಿ. ಎಮ್ಮಿಕರು ತಂದೀರಿ,” ಎಂದರು.

“ಕಾಲಿಗೇನಾಗ್ಯಾದ್ರಿ?”

“ಕಾಲಿಗೆ ಏನೂ ಆಗಿಲ್ಲ ಇನ್ನಾ. ಹೊರೋ ಭಾರ ಹೆಚ್ಚಾಗ್ಯಾದ. ಹಿಂಗೇ ಬಿಟ್ರ ಕೀಲು ಹೋಗತಾವ, ಮುಂದ ಮರಿ ಹಾಕಾಗೂ ತ್ರಾಸ ಆಗತದ. ಬೆಳವಣಿಗಿ ಮುಗದದರೀ ಇದರದು. ಬೆಳಿಯೋ ಮರಿ ರೇಷನ್ ಇನ್ನಾ ಯಾಕ ಹಾಕಾಕತ್ತೀರಿ? ದಿನಕ್ಕ ಎರಡೂವರೆ ಪಾವ್ ಸಾಕು. ಒಮ್ಮೆಲೇ ಇಳಸಬ್ಯಾಡ್ರಿ. ವಾರಕ್ಕ ಅರ್ಧ ಪಾವ್ ಕಡಿಮಿ ಮಾಡ್ರಿ. ಕಡೀಕಿನ ಮೂರು ಪಕ್ಕೆಲಬು ಕಣ್ಣಿಗೆ ಕಾಣಬೇಕು, ಅಲ್ಲೀತನಕ ಇಳಸ್ರಿ.”

“ಪಕ್ಕೆಲಬು ಕಾಣಬೇಕ್ರಿ?” ಸಾವಿತ್ರಿಬಾಯಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ಎನಿಸಿತು. ಪಕ್ಕೆಲುಬು ಕಂಡ ಕೂಸಿಗಾಗಿ ಆಕೆ ಎಷ್ಟು ಸಲ ಮೇಲಿನವರಿಗೆ ಫೋನು ಮಾಡಿಸಿದ್ದಳು, ಎಷ್ಟು ತಾಯಂದಿರ ಜೊತೆ ಜಗಳಾಡಿದ್ದಳು!

“ಕಾಣಬೇಕು. ಅದೇ ಇದರ ಚೆಲುವಿಕಿ,” ಎಂದರು ಡಾಕ್ಟರು.

ವಾಪಸು ಬರುವಾಗ ಸಣ್ಣಿ ಆಕೆಯ ತೊಡೆಯ ಮೇಲೆ ತಲೆ ಇಟ್ಟು ಮಲಗಿತ್ತು. ತೊಡೆ ಜೋಮು ಹಿಡಿದರೂ ಆಕೆ ಅಲ್ಲಾಡಲಿಲ್ಲ. ಪಾವ್ ಇಳಿಸದಿದ್ದರೆ ಸಣ್ಣಿಯ ಕಾಲು ಹೋಗುತ್ತದೆ. ಇಳಿಸಿದರೆ ಸಣ್ಣಿಯೇ ಹೋಗುತ್ತದೆ. ಇದನ್ನು ಅಂಬ್ರಪ್ಪನಿಗೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಮನೆ ಮುಟ್ಟಿದ ಮೇಲೆ ಅವನೇ ಉಪಾಯ ಹೇಳಿದ. “ಒಯ್ಯಾದು ನಾಕೇ ಒಯ್ಯಿ. ಹಾಕಾದು ಕಡಿಮಿ ಹಾಕು. ಉಳದಿದ್ದು ಬೀದಿ ನಾಯಿಗೆ ಹಾಕು. ಯಾರ ಕೇಳತಾರ?”

ಆಕೆ ಹಾಗೇ ಮಾಡಿದಳು. ಮೊದಲ ವಾರ ಮೂರೂವರೆ, ಎರಡನೆಯ ವಾರ ಮೂರು, ಮೂರನೆಯ ವಾರ ಎರಡೂವರೆ. ಮಿಕ್ಕಿದ್ದನ್ನು ಎಲೆಯಲ್ಲಿ ಸುತ್ತಿ ಅಂಗನವಾಡಿಗೆ ಹೋಗುವ ದಾರಿಯಲ್ಲಿ ಪಾಳುಬಿದ್ದ ಗೋಡೆಯ ಹಿಂದೆ ಹಾಕುತ್ತಿದ್ದಳು. ಅಲ್ಲಿನ ಕುಂಟ ಕರಿನಾಯಿಗೆ ಆ ಮೂರು ವಾರ ಹಬ್ಬವಾಯಿತು. ಸಣ್ಣಿಯ ನಡು ಮತ್ತೆ ಒಳಕ್ಕೆ ಹೋಗತೊಡಗಿತು. ಹೊಸ್ತಿಲು ಇಳಿಯುವಾಗ ಕಾಲು ಊರಿತು. ಒಂದು ಸಂಜೆ ಓಣಿಯ ತಿರುವಿನಿಂದ ಮನೆಯ ತನಕ ಓಡಿ, ಮತ್ತೆ ಆಕೆಯ ತನಕ ಓಡಿ ಬಂದು, ಮತ್ತೆ ಮನೆಗೆ ಓಡಿತು. ಆಕೆ ನಡುದಾರಿಯಲ್ಲಿ ನಿಂತು ಸಂತೋಷಕ್ಕೆ ಕಣ್ಣೊರೆಸಿಕೊಂಡಳು. ಇಷ್ಟು ಸುಲಭವಾಗಿದ್ದರೆ ಇನ್ನೇನು ಬೇಕು!

ನಾಲ್ಕನೆಯ ವಾರದ ಮೊದಲ ದಿನ ಆಕೆ ಗೋಡೆಯ ಹಿಂದಿನಿಂದ ಬರಿಗೈಯಲ್ಲಿ ಹೊರಗೆ ಬರುವುದಕ್ಕೂ ಬಾಷುಮಿಯಾ ಸೈಕಲ್ಲಿನ ಮೇಲೆ ಎದುರಿಗೆ ಬರುವುದಕ್ಕೂ ಸರಿಹೋಯಿತು. ಕರಿನಾಯಿ ಬಾಯಿ ನೆಕ್ಕಿಕೊಂಡು ಆಕೆಯ ಹಿಂದೆಯೇ ಬಂತು. ಬಾಷುಮಿಯಾ ನಾಯಿಯನ್ನು ನೋಡಿದ, ಆಕೆಯನ್ನು ನೋಡಿದ. ಒಂದು ಕಾಲನ್ನು ನೆಲಕ್ಕೆ ಊರಿ ಮೆಲ್ಲಗೆ ಹೇಳಿದ:

“ಬಾಯೀ, ಲಾಲಪ್ಪ ಕೇಳಿದ್ರ ನಾ ನಾಕ ಪಾವ್ ಅಂತನೇ ಹೇಳತೀನ್ರಿ. ಸುಳ್ಳೇನದ ಇದರಾಗ? ನೀವು ಒಯ್ಯಾದು ನಾಕೇ.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಅದನ್ನು ಕೇಳಿದ ಕೂಡಲೇ ಸಾವಿತ್ರಿಬಾಯಿಯ ಕಿವಿ ಬಿಸಿಯಾದವು. ಇದೇ ಮಾತನ್ನು ಆಕೆ ಹಿಂದೆ ಒಮ್ಮೆ ಕೇಳಿದ್ದಳು. ಬಹಳ ವರ್ಷದ ಹಿಂದೆ, ದಾನೇಶ್ವರಿಗಿಂತ ಮುಂಚೆ ಇದ್ದ ಟೀಚರು ಬಾರದ ಮಕ್ಕಳ ಹೆಸರಿನಲ್ಲಿ ಮೊಟ್ಟೆ ಬೇಯಿಸಿ ಮನೆಗೆ ಒಯ್ಯುತ್ತಿದ್ದಳು. ಕೇಳಿದರೆ, “ಬಂದಷ್ಟೇ ಮೊಟ್ಟಿ ಬರದೀನಿ, ಸುಳ್ಳೇನದ?” ಎಂದಿದ್ದಳು. ಆವತ್ತು ಸಾವಿತ್ರಿಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಊರು ಕೂಡುವ ಹಾಗೆ, “ಉಣ್ಣದ ಕೂಸಿನ ಹೆಸರಿಲೆ ಉಣಬ್ಯಾಡ!” ಎಂದು ಕೂಗಿದ್ದಳು. ಆ ಕೂಗಿನ ಮೇಲೆಯೇ ಆಕೆಯ ಮರ್ಯಾದೆ ಊರಿನಲ್ಲಿ ಇಂದಿಗೂ ನಿಂತಿದೆ. ಈಗ ನೋಡಿದರೆ, ಸಣ್ಣಿ ಉಣ್ಣದ ಪಾವ್ ಸಣ್ಣಿಯ ಹೆಸರಿನಲ್ಲಿ ದಿನಾ ಬರುತ್ತಿದೆ. ಒಂದು ಹೊತ್ತಿನ ನಮಾಜು ತಪ್ಪಿಸಿದರೂ ತೂಕ ತಪ್ಪಿಸದ ಮನುಷ್ಯನೊಬ್ಬ ಆಕೆಗಾಗಿ ಸುಳ್ಳು ಹೇಳಲು ತಯಾರಾಗಿ ನಿಂತಿದ್ದಾನೆ.

ಆ ದಿನ ಅಂಗನವಾಡಿಯಲ್ಲಿ ಆಕೆ ಸಾರಿಗೆ ಉಪ್ಪು ಎರಡು ಸಲ ಹಾಕಿದಳು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನಿಂತಾಗ ಬಾಷುಮಿಯಾ ಎಂದಿನಂತೆ ನಾಲ್ಕು ಬಟ್ಟು ಎತ್ತಿ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟ.

“ಅಡೈ ಪಾವ್ ಸಾಕ್ರಿ,” ಎಂದಳು ಸಾವಿತ್ರಿಬಾಯಿ. ಬಾಷುಮಿಯಾನ ಜೊತೆ ಲೆಕ್ಕ ಹೇಳುವಾಗ ಆಕೆ ಎರಡೂವರೆಗೆ ಅವನ ಮಾತಿನ ಅಡೈ ಎಂದೇ ಹೇಳುವುದು.

ಬಾಷುಮಿಯಾ ಕೈ ತಡೆದ. “ಅಡೈ?”

“ಅಡೈ. ಇವತ್ತಿಂದ.”

“ಬಾಯೀ, ನಾ ಇವತ್ತು ಫೋನ್ ಹಚ್ಚಬೇಕಾಗತದ.”

“ಹಚ್ಚರಿ.”

ಅವನು ಒಂದು ಬಟ್ಟು ತೆಗೆದ. ಇನ್ನೊಂದು ತೆಗೆದು, ಅದರ ಜಾಗದಲ್ಲಿ ಅರ್ಧ ಪಾವಿನದನ್ನು ಇಟ್ಟ. ಎರಡು ಬಟ್ಟು ತೆಗೆಯಲು ಅವನು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಕುರಿ ಕಡಿಯಬಹುದಾಗಿತ್ತು. ಕೆಳಗೆ ನಿಂತ ಸಣ್ಣಿ ತಕ್ಕಡಿಯನ್ನು ನೋಡುತ್ತ ಬಾಲ ಆಡಿಸುತ್ತಿತ್ತು. ಸಾವಿತ್ರಿಬಾಯಿ ಪೊಟ್ಟಣ ತೆಗೆದುಕೊಂಡು ಮನೆಯ ತನಕ ಎಲ್ಲಿಯೂ ನಿಲ್ಲದೆ ನಡೆದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಜೋರಾಗಿ ಅತ್ತಳು.

ಲಾಲಪ್ಪ ಮುಂದಿನ ಐತವಾರ ಮೂರು ಗಾಲಿಯ ಟಂಟಂ ಗಾಡಿ ತಂದ. ಸಣ್ಣಿಯ ಸುತ್ತ ಒಂದು ಸುತ್ತು ಬಂದು ನೋಡಿದ. ಅದರ ಬೆನ್ನು, ತೊಡೆ, ಒಳಸೇರಿದ ನಡು, ಕೊನೆಯ ಮೂರು ಪಕ್ಕೆಲುಬು. “ಯಕ್ಕಾ, ಉಳದ ಎಂಟರಾಗ ಹಿಂತಾದು ಒಂದೂ ಇಲ್ಲ,” ಎಂದ. ಹೊಗಳಿದನೆಂದು ಆಕೆಗೆ ಸಂತೋಷವಾಗಲಿಲ್ಲ. ಒಂದು ಊನವಾದರೂ ಇದ್ದಿದ್ದರೆ ಬಿಟ್ಟುಹೋಗುತ್ತಿದ್ದನೇನೋ ಎನಿಸಿತು.

“ಮುಂಜಾನಿ ಒಂದ ಪಾವ್, ಸಂಜಿಗೆ ಒಂದೂವರಿ ಪಾವ್,” ಎಂದು ಶುರುಮಾಡಿದಳು. ದನಿ ಗಟ್ಟಿಯಾಗಿತ್ತು. “ಕಲೇಜಿ ಹೆಚ್ಚ ಹಾಕಬ್ಯಾಡ, ಹೊಟ್ಟಿ ಝಾಡಸತದ. ಬಟ್ಟಲಾ ಖಾಲಿ ಮಾಡಿ ನಿನ್ನ ಮಕ ನೋಡತದ, ಇನ್ನಾ ಬೇಕು ಅಂತದ. ನಂಬಬ್ಯಾಡ. ಕಾಗಿ ತುತ್ತು ಗುಬ್ಬಿ ತುತ್ತು ಅಂತ ಯಾರರೆ ಕೈಲೆ ತಿನ್ನಿಸಿದ್ರ ಹೊಟ್ಟಿ ತುಂಬಿದ್ರೂ ತಿಂತದ. ಹಂಗ ಮಾಡಬ್ಯಾಡ್ರಿ ಯಾರೂ.”

“ಆತ ಯಕ್ಕಾ. ಮರಿ ಹಾಕಿದ ಕೂಡ್ಲೇ ನಿನ್ನ ಪಾಲು ತಂದು ಕೊಡತೀನಿ.”

“ನನಗ ಮರಿ ಬ್ಯಾಡ,” ಎಂದಳು. “ಮರಿ ಕೊಟ್ರ ಇದು ಕೊಟ್ಟಂಗಾತೇನು?”

ಲಾಲಪ್ಪ ಅಂಬ್ರಪ್ಪನ ಮುಖ ನೋಡಿದ. ಅಂಬ್ರಪ್ಪ ಸುಮ್ಮನಿರು ಎನ್ನುವಂತೆ ಕಣ್ಣು ಮಾಡಿದ. ಗಾಡಿ ಹೊರಟಾಗ ಸಣ್ಣಿ ಹಿಂದಿನ ಹಲಗೆಯ ಮೇಲೆ ಮುಂಗಾಲಿಟ್ಟು ನಿಂತಿತ್ತು. ಹೋಗುತ್ತಿರುವುದು ಆಕೆ, ತಾನಲ್ಲ ಎನ್ನುವ ಹಾಗೆ ಬಹಳ ಆಶ್ಚರ್ಯದಿಂದ ನೋಡುತ್ತಿತ್ತು. ಸಂಜೆ ನಾಲ್ಕಕ್ಕೆ ಓಣಿಯ ತಿರುವಿನಲ್ಲಿ ಯಾರೂ ಇರಲಿಲ್ಲ. ಆಕೆಯ ಹೊಟ್ಟೆಯೊಳಗೆ ಏನೋ ಖಾಲಿಯಾಗಿತ್ತು. ಅದನ್ನು ರೊಟ್ಟಿ ತುಂಬಲಿಲ್ಲ, ಅಂಬ್ರಪ್ಪನ ಚೇಷ್ಟೆಯೂ ತುಂಬಲಿಲ್ಲ. ಜೂನ್ ತಿಂಗಳ ಸಿಡುಕು ಎರಡು ದಿನಕ್ಕೆ ಹೋಗುತ್ತಿತ್ತು. ಇದು ಹೋಗಲಿಲ್ಲ.

ಒಮ್ಮೆ, ಮಳೆಗಾಲದಲ್ಲಿ, ಯಾರಿಗೂ ಹೇಳದೆ ಬಸ್ಸು ಹತ್ತಿ ಸುರಪುರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು. ಲಾಲಪ್ಪನ ಮನೆ ಅಲ್ಲಿಂದ ಬಹಳ ದೂರವೇನಲ್ಲ. ಸಣ್ಣಿ ಗುರುತು ಹಿಡಿದರೆ ಬಿಟ್ಟು ಬರುವುದು ಹೇಗೆ? ಹಿಡಿಯದಿದ್ದರೆ ಬದುಕುವುದು ಹೇಗೆ? ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು, ಅಂಬ್ರಪ್ಪ ಕೇಳಿದ್ದಕ್ಕೆ, “ಬಳಿ ಇಟಗೊಂಡು ಬರಾಕ ಹೋಗಿದ್ದೆ,” ಎಂದಳು. ಅವನು ಆಕೆಯ ಕೈಯ ಹಳೆಯ ಬಳೆಗಳನ್ನು ನೋಡಿದ. “ಛಲೋ ಅದಾವ,” ಎಂದ.

ಆಕೆಗೆ ಉಳಿದಿದ್ದ ಸುದ್ದಿ ಒಂದೇ. ಹದಿನೈದು ದಿನಕ್ಕೊಮ್ಮೆ ಲಾಲಪ್ಪ ಟಗರು ತಂದುಕೊಟ್ಟು ಹೋದ ಮೇಲೆ ಆಕೆ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

“ಎಷ್ಟಂತ್ರಿ?”

“ಅಡೈ,” ಎನ್ನುತ್ತಿದ್ದ ಬಾಷುಮಿಯಾ.

ಅಷ್ಟೇ. ಅಡೈ ಎಂದರೆ ಸಣ್ಣಿ ಗಟ್ಟಿಯಾಗಿದ್ದಾಳೆ, ಬಟ್ಟಲು ಖಾಲಿ ಮಾಡುತ್ತಿದ್ದಾಳೆ, ಯಾರೂ ಬಲವಂತವಾಗಿ ತಿನ್ನಿಸುತ್ತಿಲ್ಲ. ಆ ಒಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಮನೆಗೆ ಬರುತ್ತಿದ್ದಳು. ಹತ್ತು ತಿಂಗಳು ಅಡೈ ಅಡೈಯಾಗಿಯೇ ಉಳಿಯಿತು.

ಮತ್ತೆ ಸಂಕ್ರಾಂತಿ ಬಂದು ಹೋಯಿತು. ಆ ಐತವಾರ ಸಾವಿತ್ರಿಬಾಯಿ ಅಂಗಡಿಯ ಹತ್ತಿರ ಬರುವ ಮುಂಚೆಯೇ ಬಾಷುಮಿಯಾ ಕಟ್ಟೆಯಿಂದ ಇಳಿದು ನಿಂತಿದ್ದ. ಬಾಯಿಂದ ಹೇಳದೆ ಕೈತಕ್ಕಡಿ ತಂದು, ಆಕೆಯ ಕಣ್ಣ ಮುಂದೆ ಬಟ್ಟು ಇಡತೊಡಗಿದ. ಒಂದು. ಎರಡು. ಅರ್ಧ. ಆಮೇಲೆ ಅರ್ಧದ್ದನ್ನು ತೆಗೆದು ಮೂರನೆಯ ಪಾವ್ ಇಟ್ಟ. ಅದರ ಮೇಲೆ ನಾಲ್ಕನೆಯದು.

“ನಾಕಂತ್ರಿ ಬಾಯೀ. ಮತ್ತ ನಾಕ ಪಾವ್.”

ಸಾವಿತ್ರಿಬಾಯಿಗೆ ಮೊದಲು ಸಿಟ್ಟು ಬಂತು. ಯಾರೋ ಕಾಗೆತುತ್ತು ಶುರುಮಾಡಿದ್ದಾರೆ! ಮರುಗಳಿಗೆ ಆಕೆಯ ಕೈ ಬಾಯಿಗೆ ಹೋಯಿತು. ಅಂಗನವಾಡಿಯಲ್ಲಿ ಮಕ್ಕಳಿಗಷ್ಟೇ ಅಲ್ಲ, ಬಸುರಿಯರಿಗೂ ಊಟ ಬಡಿಸುವವಳು ಆಕೆ. ಬೆಳೆದು ನಿಂತ ಹೆಣ್ಣಿನ ತುತ್ತು ಇದ್ದಕ್ಕಿದ್ದಂತೆ ಏರಿತು ಎಂದರೆ ಅದು ಒಬ್ಬಳ ತುತ್ತಲ್ಲ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನಾಕೂ ಪಾವ್ ಒಮ್ಮೆಲೇ ಹಾಕಬ್ಯಾಡಂತ ಹೇಳ್ರಿ ಅವಗ,” ಎಂದಳು. “ಹೊಟ್ಟಿಯೊಳಗ ಜಾಗಾ ಇರಾಂಗಿಲ್ಲ. ಮೂರು ಹೊತ್ತಿಗೆ, ನಾಕು ಹೊತ್ತಿಗೆ ಹಂಚಿ ಹಾಕಬೇಕು. ಇವತ್ತೇ ಹೇಳ್ರಿ. ಈಗೇ ಫೋನ್ ಹಚ್ಚರಿ.”

ಬಾಷುಮಿಯಾ ಕೈ ಒರೆಸಿಕೊಂಡು ಫೋನು ತೆಗೆದ. ಆಕೆ ಎರಡು ಹೆಜ್ಜೆ ಮನೆಯ ಕಡೆ ನಡೆದು, ಮತ್ತೆ ತಿರುಗಿ ಬಂದಳು.

“ಇನ್ನೊಂದು ಹೇಳ್ರಿ. ನಂದೊಂದು ಪಾಲದಲ್ಲ, ಅದಕ್ಕ ಛಲೋದು ಹುಡುಕಬ್ಯಾಡಂತ ಹೇಳ್ರಿ. ಎಲ್ಲಾವು ಕೂಡಿ ಯಾವದನ್ನ ಮೂಲಿಗೆ ನೂಕತಾವಲ್ಲ, ಅದನ್ನ ನನಗ ಇಡಂತ ಹೇಳ್ರಿ.”